ಹುಷಾರು ತಪ್ಪೋದು ವಾಚಿಗೆ ಮೊದಲೇ ಗೊತ್ತಾಗುತ್ತಾ?

ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ತಳಿವಿಜ್ಞಾನಿ ಮೈಕೆಲ್ ಸ್ನೈಡರ್ ನಾರ್ವೆಗೆ ವಿಮಾನದಲ್ಲಿ ಹೋಗುವಾಗ, ಎದೆಬಡಿತ ಜಾಸ್ತಿ, ರಕ್ತದಲ್ಲಿ ಆಮ್ಲಜನಕ ಕಡಿಮೆ ಅಂತ ಮೈಮೇಲಿದ್ದ ಸೆನ್ಸರ್‌ಗಳು ತೋರಿಸಿದವಂತೆ. ಆಮೇಲೆ ನೋಡಿದರೆ ಲೈಮ್ ಕಾಯಿಲೆ (ಉಣ್ಣೆ ಕಚ್ಚಿ ಬರುವ ಸೋಂಕು). 2017ರಲ್ಲಿ ಅವರ ತಂಡ ಇದನ್ನು ಪ್ರಕಟಿಸಿತು. ಇದನ್ನು ಓದಿ ನನಗೂ ಹುರುಪು ಬಂತು. ಕೈಯಲ್ಲಿ ಸ್ಮಾರ್ಟ್ ವಾಚ್ ಹೇಗೂ ಇತ್ತು.

150 ದಿನ ಲೆಕ್ಕ ಇಟ್ಟೆ. ನಿದ್ದೆಯಲ್ಲಿನ ಎದೆಬಡಿತ, ಎಚ್‌ಆರ್‌ವಿ (ಒಂದು ಬಡಿತಕ್ಕೂ ಇನ್ನೊಂದಕ್ಕೂ ನಡುವಿನ ಅಂತರದ ಏರಿಳಿತ), ನಿದ್ದೆಯ ಗಂಟೆ, ನಡೆದ ಹೆಜ್ಜೆ. ರಾತ್ರಿ ಮಲಗೋ ಮುಂಚೆ ನೋಟ್‌ಬುಕ್‌ನಲ್ಲಿ ಒಂದೇ ಅಂಕಿ: ಚೆನ್ನಾಗಿದ್ದರೆ 0, ಇಲ್ಲದಿದ್ದರೆ 1. ಬೆಳಗ್ಗೆ ಆ್ಯಪ್ ತೆರೆಯೋದನ್ನು ಬಿಟ್ಟೆ. ಅಲ್ಲಿ ಕೆಂಪು ಗುರುತು ಕಂಡರೆ ಸಾಕು, ಸುಮ್ನೆ ಮೈಕೈ ನೋವು ಶುರು!

ಪೈಥಾನ್‌ನಲ್ಲಿ ಲಾಜಿಸ್ಟಿಕ್ ರಿಗ್ರೆಶನ್ (ಹಳೆಯ ಅಂಕಿಗಳಿಂದ ಕಲಿತು 0 ಅಥವಾ 1 ಅಂತ ಊಹಿಸುವ ಮಾಡೆಲ್) ಓಡಿಸಿದೆ. 93% ಸರಿ ಅಂತು. ಕುಣಿದಾಡಿದೆ. ಆದರೆ ಹುಷಾರಿಲ್ಲದ ದಿನ ಇದ್ದಿದ್ದೇ 18. ಕಣ್ಣು ಮುಚ್ಚಿಕೊಂಡು ದಿನಾ "ಚೆನ್ನಾಗಿದ್ದೀಯ" ಅಂದರೂ 88% ಸರಿ ಬರುತ್ತೆ. ಇನ್ನೂ ನಾಚಿಕೆ ಆಗಿದ್ದು ಹೆಜ್ಜೆಗಳ ವಿಷಯದಲ್ಲಿ. ಅದೇ ದಿನದ ಹೆಜ್ಜೆಗಳನ್ನೇ ಕೊಟ್ಟುಬಿಟ್ಟಿದ್ದೆ. ಜ್ವರ ಬಂದ ದಿನ ಯಾರು ನಡೀತಾರೆ? ನಾನು ಹಾಸಿಗೆ ಹಿಡಿದಿದ್ದನ್ನು ನೋಡಿ ಅದು ಭವಿಷ್ಯ ಹೇಳ್ತಿತ್ತು! ಜೊತೆಗೆ ದಿನಗಳನ್ನು ಕಲಸಿ, ಕೆಲವನ್ನು ಕಲಿಕೆಗೆ, ಉಳಿದವನ್ನು ಪರೀಕ್ಷೆಗೆ ಕೊಟ್ಟಿದ್ದೆ. ಮೂರು ದಿನದ ನೆಗಡಿಯಲ್ಲಿ ಮೊದಲ ದಿನ, ಕೊನೆಯ ದಿನ ನೋಡಿದ್ದಕ್ಕೆ ನಡುವಿನ ದಿನ ಹೇಳೋದು ಕಷ್ಟವಾ?

ಎರಡನ್ನೂ ಸರಿಮಾಡಿದೆ. ಹಿಂದಿನ ರಾತ್ರಿವರೆಗಿನ ಮಾಹಿತಿ ಮಾತ್ರ ಕೊಟ್ಟೆ. ಮೊದಲ 105 ದಿನ ಕಲಿಕೆಗೆ, ಆಮೇಲಿನ 45 ಪರೀಕ್ಷೆಗೆ. ಆ 45ರಲ್ಲಿ ಹುಷಾರಿಲ್ಲದ ದಿನ ಐದು. ಮಾಡೆಲ್ ಹಿಡಿದಿದ್ದು ಎರಡು, ಸುಳ್ಳು ಎಚ್ಚರಿಕೆ ಆರು. ನಿದ್ದೆಯ ಎದೆಬಡಿತ ಹಿಂದಿನ 28 ದಿನಗಳ ಮಧ್ಯಾಂಕಕ್ಕಿಂತ (ಅಂಕಿಗಳನ್ನು ಏರಿಕೆ ಕ್ರಮದಲ್ಲಿ ಜೋಡಿಸಿದರೆ ನಡುವೆ ಬರೋದು) 6 ಜಾಸ್ತಿ ಇದೆಯಾ ಅನ್ನೋ ಒಂದೇ ಸಾಲಿನ ನಿಯಮವೂ ಎರಡನ್ನೇ ಹಿಡಿಯಿತು. ಸುಳ್ಳು ಮಾತ್ರ ಮೂರಕ್ಕೆ ಇಳಿಯಿತು. ಸರಾಸರಿ ಬೇಡ, ಒಂದು ಕೆಟ್ಟ ರಾತ್ರಿ ಅದನ್ನು ಎಳೆದುಬಿಡುತ್ತೆ.

ಮಾಡೆಲ್ ಬಿಟ್ಟೆ, ಆ ಸಾಲು ಇಟ್ಟುಕೊಂಡೆ. ಹೋದ ತಿಂಗಳು ನಿದ್ದೆಯ ಎದೆಬಡಿತ 58ರಿಂದ 66ಕ್ಕೆ ಹಾರಿತ್ತು. ಪ್ಯಾರಾಸಿಟಮಾಲ್ ಹುಡುಕೋಕೆ ಎದ್ದವನಿಗೆ ನೆನಪಾಯಿತು: ಹಿಂದಿನ ರಾತ್ರಿ ಬೀಗರ ಊಟ, ಎಲೆ ಹಾಕಿದ್ದೇ ಹನ್ನೊಂದಕ್ಕೆ. ಈಗ ನೋಟ್‌ಬುಕ್‌ನಲ್ಲಿ ಊಟದ ಹೊತ್ತಿಗೂ ಒಂದು ಕಾಲಂ ಇದೆ.