ಯಜಮಾನರಿಗೊಂದು ಬೆಚ್ಚನೆಯ ಕ್ರೋಶಾ ಕಾರ್ಡಿಗನ್

ಚಿಕ್ಕಬಳ್ಳಾಪುರದ ಮಾಗಿ ಚಳಿಯಲ್ಲಿ ನಮ್ಮ ಯಜಮಾನರು ನಸುಕಿಗೇ ಹೂವಿನ ಮಾರುಕಟ್ಟೆಗೆ ಹೊರಡುತ್ತಾರೆ. ಅವರಿಗೆ ಮುಂದೆ ಬಿಚ್ಚುವ ಕಾರ್ಡಿಗನ್ನೇ ಸರಿ. ಬಿಸಿಲೇರಿದರೆ ಗುಂಡಿ ತೆಗೆದರಾಯಿತು.

ಮಧ್ಯಮ ದಪ್ಪದ ಉಲ್ಲನ್ ದಾರ, 5 ಮಿ.ಮೀ. ಕ್ರೋಶಾ ಕಡ್ಡಿ (ತುದಿಯಲ್ಲಿ ಕೊಕ್ಕೆ ಇರುವುದು) ತಗೊಳ್ಳಿ. ಎದೆ ಸುತ್ತಳತೆಗೆ 10 ಸೆಂ.ಮೀ. ಸೇರಿಸಿ, ಒಳಗೆ ಅಂಗಿ ಇರುತ್ತದಲ್ಲ. ಎದೆ 100 ಇದ್ದರೆ ಬೆನ್ನಿನ ಭಾಗ 55, ಮುಂದಿನವು ತಲಾ 25.5, ನಡುವೆ 4 ಸೆಂ.ಮೀ. ಗುಂಡಿಪಟ್ಟಿ.

ಉಬ್ಬು ನೇಯ್ಗೆಯೇ ಇದರ ಜೀವ. ಹೊಲಿಗೆಗಳ ಸಂಖ್ಯೆ ಸಮ ಇರಲಿ. ಒಂದು ಸಿಂಗಲ್ (ಮೊದಲು ದಾರ ಸುತ್ತದೆ ಹಾಕುವ ಗಿಡ್ಡ ಹೊಲಿಗೆ), ಪಕ್ಕದಲ್ಲಿ ಒಂದು ಡಬಲ್ (ಕಡ್ಡಿಗೆ ಮೊದಲು ಒಂದು ಸುತ್ತು ದಾರ ಹಾಕಿ ಎಳೆಯುವುದು), ಹೀಗೇ ಕೊನೆವರೆಗೆ. ಒಂದು ಚೈನ್ (ಸರಪಳಿ ಕುಣಿಕೆ) ಹಾಕಿ ತಿರುಗಿಸಿ. ಈಗ ಡಬಲ್ ತಲೆಯ ಮೇಲೆ ಸಿಂಗಲ್, ಸಿಂಗಲ್ ಮೇಲೆ ಡಬಲ್. ಪ್ರತಿ ಸಾಲೂ ಸಿಂಗಲ್‌ನಿಂದ ಶುರುವಾಗಿ ಡಬಲ್‌ನಲ್ಲಿ ಮುಗಿಯಬೇಕು. ಹಾಗಾಗದಿದ್ದರೆ ಎಲ್ಲೋ ಒಂದು ಹೊಲಿಗೆ ತಪ್ಪಿದೆ, ಅಲ್ಲೇ ಬಿಚ್ಚಿ. ನಾಲ್ಕೈದು ಸಾಲಾದ ಮೇಲೆ ಬೆರಳಾಡಿಸಿ ನೋಡಿ, ರಾಗಿ ಕಾಳಿನ ರಾಶಿ ಮುಟ್ಟಿದಂಗೆ ಇರುತ್ತದೆ.

ಮೊದಲು 15 ಸೆಂ.ಮೀ. ಚೌಕದ ತುಂಡು ಹಾಕಿ, ಒಗೆದು, ನೆರಳಲ್ಲಿ ಹಾಸಿ ಒಣಗಿಸಿ, ಎಷ್ಟು ಅಗಲಕ್ಕೆ ಎಷ್ಟು ಹೊಲಿಗೆ ಬಂತೆಂದು ಎಣಿಸಿ. ದಯವಿಟ್ಟು ಇದನ್ನು ಬಿಡಬೇಡಿ. ಒಣಗಿಸಲು ನೇತುಹಾಕಿದರೆ ಜಗ್ಗುತ್ತದೆ.

ಭುಜ ಸೇರಿಸಿ, ತೋಳು ಕೂಡಿಸಿ, ಪಕ್ಕ ಹೊಲಿಯಿರಿ. ಗುಂಡಿಪಟ್ಟಿಗೆ ಸಿಂಗಲ್ ಸಾಕು, ಬಿಗಿಯಾಗಿ ನಿಲ್ಲುತ್ತದೆ. ಗಂಡಸರ ಉಡುಪಿನಲ್ಲಿ ಕಾಜಾ ಎಡಭಾಗಕ್ಕೆ, ಗುಂಡಿ ಬಲಭಾಗಕ್ಕೆ. ಎರಡು ಚೈನ್ ಹಾಕಿ ಎರಡು ಹೊಲಿಗೆ ಬಿಟ್ಟರೆ ಕಾಜಾ ಆಯಿತು. ಗುಂಡಿ ಆಮೇಲೆ ಅದರ ಅಳತೆಗೆ ಕೊಳ್ಳಿ.