ನೀಲಿ ಮೂಲೆಯ ಕೂಲಿ

ನನ್ನ ವೃತ್ತಿಪರ ಬಾಕ್ಸಿಂಗ್ ಲೆಕ್ಕ ಇಷ್ಟೇ: ಆಡಿದ್ದು ಆರು, ಸೋತದ್ದು ನಾಲ್ಕು, ಸಮವಾದದ್ದು ಒಂದು, ಗೆದ್ದದ್ದು ಒಂದು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಕೊಡಗಿನ ಸಿದ್ದಾಪುರದ ಕಡೆ ನನ್ನನ್ನು ಬಾಕ್ಸರ್ ಎಂದು ಕರೆಯುವವರಲ್ಲಿ ಅರ್ಧ ಜನ ನಾನು ಎಲ್ಲೋ ಬೆಲ್ಟ್ ಗೆದ್ದು ಬಂದವನೆಂದು ತಿಳಿದಿದ್ದಾರೆ. ನನ್ನ ಬಳಿ ಇರುವ ಬೆಲ್ಟ್ ಪ್ಯಾಂಟಿಗೆ ಹಾಕುವಂಥದ್ದು.

ಅಪ್ಪ ಒಂದು ಕಾಫಿ ತೋಟದಲ್ಲಿ ರೈಟರ್ ಆಗಿದ್ದರು. ಹಾಜರಿ ಪುಸ್ತಕ, ಕೂಲಿ ಬಟವಾಡೆ, ಗೊಬ್ಬರದ ಲೆಕ್ಕ ಅವರ ಕೆಲಸ. ನಾನು ಹಾಕಿಯಲ್ಲಿ ದಡ್ಡ. ಕೊಡಗಿನಲ್ಲಿ ಹಾಗೆ ಹೇಳಿಕೊಳ್ಳುವುದಕ್ಕೂ ಸ್ವಲ್ಪ ಎದೆಗಾರಿಕೆ ಬೇಕು. 1997ರಲ್ಲಿ ಕರಡದಲ್ಲಿ ಕೊಡವ ಕುಟುಂಬಗಳ ಹಾಕಿ ಹಬ್ಬ ಶುರುವಾದ ಮೇಲಂತೂ ಏಪ್ರಿಲ್ ಬಂತೆಂದರೆ ಜಿಲ್ಲೆಯಲ್ಲಿ ಬೇರೆ ಮಾತೇ ಇಲ್ಲ. ಸೇನೆಯಿಂದ ಮೊದಲ ರಜೆಗೆ ಬಂದಾಗ ಬಾಕ್ಸಿಂಗ್ ಕಲಿಯುತ್ತಿದ್ದೇನೆ ಎಂದೆ. ತೋಟದ ಸಾಹುಕಾರರು ಕಾಫಿ ಕುಡಿಯುವುದನ್ನು ನಿಲ್ಲಿಸಿ ಕೇಳಿದರು: "ಕೈಯಲ್ಲಿ ಸ್ಟಿಕ್ ಇಲ್ಲದೆ ಎಂಥ ಆಟ ಮಾರಾಯ ಅದು?"

ಅವರಿಗೆ ನೆನಪಿಸಬಹುದಿತ್ತು. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಭಾರತದ ಪರ ರಿಂಗಿಗೆ ಇಳಿದ ಸಿ.ಸಿ. ಮಾಚಯ್ಯ ಈ ಮಣ್ಣಿನವರೇ, ಅರ್ಜುನ ಪ್ರಶಸ್ತಿಯನ್ನೂ ಪಡೆದವರು. ನಮ್ಮ ಸುಗ್ಗಿ ಹಬ್ಬವಾದ ಪುತ್ತರಿಯ ದಿನಗಳಲ್ಲಿ ಆಡುವ ಪರಿಯ ಕಳಿ ಇನ್ನೇನು? ಒಂದು ಕೈಯಲ್ಲಿ ಗುರಾಣಿ, ಇನ್ನೊಂದರಲ್ಲಿ ಬೆತ್ತ, ಮೊಣಕಾಲಿನ ಕೆಳಗೆ ಮಾತ್ರ ಹೊಡೆಯಬೇಕೆಂಬ ಕಟ್ಟಳೆ, ಕೊನೆಗೆ ಇಬ್ಬರೂ ಅಪ್ಪಿಕೊಳ್ಳುವುದು. ಹೊಡೆದಾಟಕ್ಕೆ ಗೆರೆ ಹಾಕಿದರೆ ಅದು ಆಟ. 1867ರ ಕ್ವೀನ್ಸ್‌ಬೆರಿ ನಿಯಮಗಳೂ ಮಾಡಿದ್ದು ಅದನ್ನೇ: ಮೂರು ನಿಮಿಷ ಹೊಡೆದಾಡು, ಒಂದು ನಿಮಿಷ ಕುಳಿತುಕೋ, ಬಿದ್ದವನಿಗೆ ಹತ್ತು ಎಣಿಸುವವರೆಗೆ ಸಮಯ ಕೊಡು.

2001ರಲ್ಲಿ ಸೇನೆ ಸೇರಿದಾಗ ನನಗೆ ಹದಿನೆಂಟು. ಅಲ್ಲಿ ಬಾಕ್ಸಿಂಗ್ ಕಲಿಸುತ್ತಿದ್ದ ನಮ್ಮ ಉಸ್ತಾದ್ ಮೊದಲ ಒಂದು ತಿಂಗಳು ಗ್ಲೌಸ್ ಮುಟ್ಟಲು ಬಿಡಲಿಲ್ಲ. ನಿಲ್ಲುವುದು, ಹೆಜ್ಜೆ ಹಾಕುವುದು, ಮತ್ತೆ ನಿಲ್ಲುವುದು. ಹಿಂದಿನ ಕಾಲಿನ ಹಿಮ್ಮಡಿ ನೆಲಕ್ಕೆ ತಾಗಿದರೆ ಬೆತ್ತದಿಂದ ಒಂದು ತಟ್ಟು. ಆಮೇಲೆ ಒಂದು ದಿನ ಏಕಾಏಕಿ ಎದುರಿಗೆ ಒಬ್ಬನನ್ನು ನಿಲ್ಲಿಸಿದರು. ಮೂಗಿನ ಮೇಲೆ ಬಿದ್ದ ಮೊದಲ ಏಟು ನನಗೆ ಇವತ್ತಿಗೂ ನೆನಪಿದೆ. ನೋವಾಗುವುದಕ್ಕೆ ಮೊದಲು ಅವಮಾನವಾಯಿತು. ಕಣ್ಣಲ್ಲಿ ತಾನಾಗಿ ನೀರು ಬಂತು, ಅಳುತ್ತಿದ್ದೇನೆಂದು ಎಲ್ಲರೂ ತಿಳಿದರೆಂದು ಕೋಪ ಬಂತು, ಕೋಪದಲ್ಲಿ ಕೈ ಬೀಸಿದೆ, ಬೀಸಿದ್ದಕ್ಕೆ ಇನ್ನೆರಡು ತಿಂದೆ. "ಸಿಟ್ಟು ಬಂದವನ ಕೈ ಅಗಲವಾಗುತ್ತದೆ, ಅಗಲವಾದ ಕೈಯ ನಡುವೆ ದಾರಿ ಇರುತ್ತದೆ" ಎಂದು ಉಸ್ತಾದ್ ಹಿಂದಿಯಲ್ಲಿ ಹೇಳಿದ್ದು ಅರ್ಥವಾಗಲು ನನಗೆ ಎರಡು ವರ್ಷ ಬೇಕಾಯಿತು.

ಸೇನೆಯ ಬಾಕ್ಸಿಂಗ್ ಅಮೆಚೂರ್ ಬಾಕ್ಸಿಂಗ್, ಅಂದರೆ ಕೂಲಿಗಾಗಿ ಆಡುವುದಲ್ಲ. ಬನಿಯನ್ ಇರುತ್ತದೆ, ನಮ್ಮ ಕಾಲದಲ್ಲಿ ತಲೆಗವಚವೂ ಇತ್ತು, ಮೂರು ನಾಲ್ಕು ರೌಂಡಿನಲ್ಲಿ ಎಲ್ಲ ಮುಗಿಯುತ್ತದೆ. ವೃತ್ತಿಪರ ಬಾಕ್ಸಿಂಗ್ ಎಂಬುದು ಟಿವಿಯಲ್ಲಿ ಬರುವ ಬೇರೆಯವರ ಲೋಕ ಎಂದುಕೊಂಡಿದ್ದೆವು. ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದಿದ್ದ ವಿಜೇಂದರ್ ಸಿಂಗ್ 2015ರ ಅಕ್ಟೋಬರಿನಲ್ಲಿ ಮ್ಯಾಂಚೆಸ್ಟರಿನಲ್ಲಿ ಮೊದಲ ವೃತ್ತಿಪರ ಪಂದ್ಯ ಗೆದ್ದರು. ಮರುವರ್ಷ ಜುಲೈನಲ್ಲಿ ದೆಹಲಿಯ ತ್ಯಾಗರಾಜ ಕ್ರೀಡಾಂಗಣದಲ್ಲಿ ಕೆರಿ ಹೋಪ್ ಅವರನ್ನು ಸೋಲಿಸಿ ಏಷ್ಯಾ ಪೆಸಿಫಿಕ್ ಪಟ್ಟ ಪಡೆದರು. ಅದಾದ ಮೇಲೆ ಊರೂರಿನಲ್ಲಿ ಸಣ್ಣ ಸಂಘಟಕರು ಹುಟ್ಟಿಕೊಂಡರು. ನಾನು 2017ರಲ್ಲಿ ಪಿಂಚಣಿ ಪಡೆದು ಮನೆಗೆ ಬಂದಾಗ ವಯಸ್ಸು ಮೂವತ್ತನಾಲ್ಕು. ಹಳೆಯ ಗೆಳೆಯನೊಬ್ಬ ಫೋನ್ ಮಾಡಿದ: ಲೈಟ್‌ವೇಟ್‌ನಲ್ಲಿ ನಾಲ್ಕು ರೌಂಡ್ ಆಡುವವನೊಬ್ಬ ಬೇಕಂತೆ, ಹದಿನೈದು ಸಾವಿರ ಕೊಡುತ್ತಾರಂತೆ.

ಆ 'ಒಬ್ಬ ಬೇಕಂತೆ' ಎನ್ನುವುದರಲ್ಲೇ ಈ ವ್ಯಾಪಾರದ ಗುಟ್ಟು ಇದೆ. ಸಂಘಟಕನ ಬಳಿ ಒಬ್ಬ ಹುಡುಗ ಇರುತ್ತಾನೆ. ಚಿಕ್ಕ ವಯಸ್ಸು, ಚುರುಕು ಕೈ, ಟಿಕೆಟ್ ಕೊಳ್ಳುವ ಬಂಧು ಬಳಗ. ಅವನ ಲೆಕ್ಕ ಐದಕ್ಕೆ ಐದು, ಆರಕ್ಕೆ ಆರು ಎಂದು ಬೆಳೆಯಬೇಕು. ಹಾಗೆ ಬೆಳೆಯಲು ಎದುರಿಗೆ ಯಾರಾದರೂ ನಿಲ್ಲಬೇಕಲ್ಲ? ನಿಂತವನು ಮೊದಲ ರೌಂಡಿನಲ್ಲೇ ಬಿದ್ದರೆ ಜನ ದುಡ್ಡು ಹಾಳಾಯಿತು ಎನ್ನುತ್ತಾರೆ. ತೀರಾ ಚೆನ್ನಾಗಿ ಆಡಿದರೆ ಹುಡುಗನ ಲೆಕ್ಕ ಕೆಡುತ್ತದೆ. ನಾಲ್ಕು ರೌಂಡ್ ಗಟ್ಟಿಯಾಗಿ ನಿಂತು, ಹುಡುಗನಿಗೆ ಪಾಠವೂ ಆಗಿ, ಕೊನೆಗೆ ಅಂಕದಲ್ಲಿ ಸೋಲುವವನೊಬ್ಬ ಬೇಕು. ಯಾರೂ ಸೋಲು ಎಂದು ಹೇಳುವುದಿಲ್ಲ, ಹಾಗೆ ಹೇಳಿದರೆ ಅದು ಮೋಸ. ಆದರೆ ತೂಕ, ವಯಸ್ಸು, ಹದಿನೈದು ದಿನದ ಮುಂಗಡ ಸೂಚನೆ ಎಲ್ಲ ಸೇರಿ ಆ ಮಾತನ್ನು ತಾವೇ ಹೇಳುತ್ತವೆ. ಅಂಥವನನ್ನು ನೀಲಿ ಮೂಲೆಯಲ್ಲಿ ಕೂರಿಸುತ್ತಾರೆ.

ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನ ಪೀಟರ್ ಬಕ್ಲಿ ಈ ಕಸುಬಿನ ಮಹಾಗುರು. 2008ರಲ್ಲಿ ನಿಲ್ಲಿಸುವ ಹೊತ್ತಿಗೆ ಸರಿಯಾಗಿ ಮುನ್ನೂರು ಪಂದ್ಯ ಆಡಿದ್ದರು. ಅದರಲ್ಲಿ ಸೋಲು 256, ಸಮ 12, ಗೆಲುವು 32. ಆ ಕೊನೆಯ ಪಂದ್ಯವನ್ನು ಗೆದ್ದರು. ಹೆವಿವೇಟ್ ಚಾಂಪಿಯನ್ ರಾಕಿ ಮಾರ್ಸಿಯಾನೊ 49ಕ್ಕೆ 49 ಗೆದ್ದದ್ದನ್ನು ಎಲ್ಲರೂ ಬಲ್ಲರು. 256 ಸಲ ಸೋತು ಮಾರನೆಯ ವಾರ ಮತ್ತೆ ಪಟ್ಟಿ ಸುತ್ತಿಕೊಂಡ ಕೈ ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಸೋತವನು ಸೋತವನ ಪರ ಹೇಳುತ್ತಾನೆ ಎಂದು ನೀವು ನಗಬಹುದು.

ತಯಾರಿಯ ಮಾತಿಗೆ ಬರುತ್ತೇನೆ. ಮೊದಲು ಪಂಚಿಂಗ್ ಬ್ಯಾಗ್. ಕಾಫಿಯ ಗೋಣಿಚೀಲಕ್ಕೆ ಮರಳು ತುಂಬಿ ತೂಗುಹಾಕಿದೆ. ಒಂದು ವಾರದಲ್ಲಿ ಮರಳು ತಳಕ್ಕಿಳಿದು ಕಲ್ಲಾಗಿ ಮಣಿಕಟ್ಟು ಊದಿಕೊಂಡಿತು. ಆಮೇಲೆ ಹಳೆಯ ಬಟ್ಟೆ ಚಿಂದಿ ಮತ್ತು ಕಾಫಿ ಹೊಟ್ಟನ್ನು ಪದರ ಪದರವಾಗಿ ತುರುಕಿದೆ. ಒಳ್ಳೆಯ ಮೈ ಬಂತು, ಗುದ್ದಿದರೆ ಹೊಟ್ಟೆಗೆ ಗುದ್ದಿದ ಹಾಗೇ ಇತ್ತು. ಮಳೆಗಾಲದಲ್ಲಿ ಮಾತ್ರ ತೇವ ಹೀರಿಕೊಂಡು ಹುಳಿ ನಾತ ಹೊಡೆಯುತ್ತಿತ್ತು.

ಓಟದ್ದು ಬೇರೆ ಕಥೆ. ಬಾಕ್ಸರ್ ಬೆಳಗಿನ ಐದಕ್ಕೆ ಓಡಬೇಕೆಂದು ಎಲ್ಲರೂ ಹೇಳುತ್ತಾರೆ, ಹೇಳುವವರ ಊರಿನಲ್ಲಿ ಆನೆ ಇರುವುದಿಲ್ಲ. ನಮ್ಮಲ್ಲಿ ರಾತ್ರಿ ತೋಟದಲ್ಲಿ ಹಲಸು ತಿಂದು ನಿಂತ ಆನೆ ಬೆಳಗಾದರೂ ಅಲ್ಲೇ ಇರಬಹುದು. ಕಾವಲುಗಾರ ಬಂದು ದಾರಿ ಖಾಲಿ ಎಂದ ಮೇಲೆಯೇ ನನ್ನ ಓಟ. ಒಂದು ಸಲ ಅವನು ಹೇಳಿದ ಮೇಲೂ ತಿರುವಿನಲ್ಲಿ ಒಂದು ಎದುರಾಯಿತು. ಹದಿನಾರು ವರ್ಷ ಕಲಿತ ಫುಟ್‌ವರ್ಕ್ ಅಷ್ಟೂ ಮರೆತು ಓಡಿದೆ. ಆ ದಿನದ ವೇಗ ಮತ್ತೆ ಬರಲಿಲ್ಲ.

2018ರ ಆಗಸ್ಟಿನಲ್ಲಿ ಗುಡ್ಡ ಜರಿದು ಜೋಡುಪಾಲ, ಮಕ್ಕಂದೂರು ಕಡೆ ಊರುಗಳೇ ಹೋದವು. ನನಗೆ ಗೊತ್ತುಮಾಡಿದ್ದ ಮೊದಲ ಪಂದ್ಯ ತಪ್ಪಿತು. ಆ ತಿಂಗಳು ಪರಿಹಾರ ಕೇಂದ್ರಗಳಿಗೆ ಅಕ್ಕಿ ಮೂಟೆ ಹೊತ್ತದ್ದೇ ವ್ಯಾಯಾಮ. ಮತ್ತೆ ಕರೆ ಬಂದದ್ದು ಡಿಸೆಂಬರಿಗೆ, ಅಂದರೆ ತೂಕ ಇಳಿಸಬೇಕಾದದ್ದು ಸರಿಯಾಗಿ ಪುತ್ತರಿಯ ಹೊತ್ತಿಗೆ.

ಲೈಟ್‌ವೇಟ್ ಎಂದರೆ 135 ಪೌಂಡ್, 61.2 ಕಿಲೋ. ನಾನು ಮಾಮೂಲಿಯಾಗಿ 67. ನಾಲ್ಕು ಕಿಲೋ ಅಕ್ಕಿ ರೊಟ್ಟಿ ಬಿಟ್ಟು, ಓಡಿ ಇಳಿಸಿದೆ. ಉಳಿದ ಎರಡು ಬರೀ ನೀರು. ಕೊನೆಯ ದಿನ ಪ್ಲಾಸ್ಟಿಕ್ ಮಳೆ ಅಂಗಿ ತೊಟ್ಟು ಬೆವರಿಸಿ, ಬಾಯಿ ಮುಕ್ಕಳಿಸಿ ಉಗುಳುವುದು. ಆ ವಾರ ಪಕ್ಕದ ಮನೆಯಿಂದ ಹೊಸ ಅಕ್ಕಿಯ ಪಾಯಸ, ಕಡಂಬುಟ್ಟು, ಕಾಚಂಪುಳಿ ಹಾಕಿದ ಪಂದಿ ಕರಿ ಬಂತು. ಹೆಂಡತಿ ಮುಚ್ಚಳ ತೆರೆಯದೆ ಅಡುಗೆಮನೆಗೆ ಒಯ್ದಳು. ವಾಸನೆಗೆ ಮುಚ್ಚಳ ಎಲ್ಲಿದೆ? ನನ್ನ ನಾಲ್ಕೂ ಸೋಲುಗಳಿಗಿಂತ ದೊಡ್ಡ ಹೊಡೆತ ಅದು. ಈ ನೀರು ಇಳಿಸುವ ವಿದ್ಯೆಯನ್ನು ನಾನು ಯಾರಿಗೂ ಕಲಿಸುವುದಿಲ್ಲ. ವೃತ್ತಿಪರರಿಗೆ ತೂಕ ನೋಡುವುದು ಹಿಂದಿನ ದಿನ, ಆದ್ದರಿಂದ ಗಂಜಿ, ಓಆರ್‌ಎಸ್ ಕುಡಿದು ಚೇತರಿಸಿಕೊಳ್ಳಲು ಒಂದು ರಾತ್ರಿ ಸಿಗುತ್ತದೆ. ಆದರೆ ಒಣಗಿದ ದೇಹದಲ್ಲಿ ಮಿದುಳು ಏಟು ತಡೆಯುವ ಶಕ್ತಿ ಅಷ್ಟು ಬೇಗ ಮರಳುವುದಿಲ್ಲ ಎಂದು ಸೇನೆಯ ಡಾಕ್ಟರೊಬ್ಬರು ನಮಗೆ ಹಿಂದೆಯೇ ಎಚ್ಚರಿಸಿದ್ದರು.

ಪಂದ್ಯ ಬೆಂಗಳೂರಿನಲ್ಲಿ. ಬಟ್ಟೆ ಬದಲಿಸಲು ಎರಡು ಮೂಲೆಯವರಿಗೂ ಒಂದೇ ಕೋಣೆ, ನಡುವೆ ಪ್ಲಾಸ್ಟಿಕ್ ಕುರ್ಚಿಗಳ ಸಾಲು. ಎದುರಾಳಿ ಹರಿಯಾಣದ ಭಿವಾನಿ ಕಡೆಯ ಹುಡುಗ, ಇಪ್ಪತ್ತೊಂದು ವಯಸ್ಸು. ಅವನ ತಾಯಿ ಫೋನಿನಲ್ಲಿ ಊಟ ಆಯಿತೇ ಎಂದು ಕೇಳುತ್ತಿದ್ದುದು ನನಗೂ ಕೇಳುತ್ತಿತ್ತು. ಕೈಗೆ ಗಾಜ್ ಬಟ್ಟೆ ಸುತ್ತಿ ಟೇಪ್ ಹಾಕಿದ ಮೇಲೆ ಅಧಿಕಾರಿ ಅದರ ಮೇಲೆ ಸಹಿ ಮಾಡಿದರು. ಗ್ಲೌಸ್ ಎಂಟು ಔನ್ಸಿನದು. ಹತ್ತು ಔನ್ಸಿಗೆ ಒಗ್ಗಿದ್ದ ಕೈಗೆ ಏನೂ ಹಾಕಿಕೊಂಡಂತೆಯೇ ಅನ್ನಿಸಲಿಲ್ಲ. ಗ್ಲೌಸ್ ಇರುವುದು ಎದುರಾಳಿಯ ಮುಖ ಉಳಿಸಲು ಎಂದು ಜನ ತಿಳಿಯುತ್ತಾರೆ. ಅದು ಉಳಿಸುವುದು ಹೊಡೆಯುವವನ ಬೆರಳನ್ನು.

ಮೊದಲ ರೌಂಡ್ ನನ್ನದೆಂದು ನನಗೆ ಇಂದಿಗೂ ಗುಮಾನಿ. ಮುಂದಿನ ಕೈಯ ನೇರ ಗುದ್ದು, ಅದೇ ಜ್ಯಾಬ್, ಹಾಕಿದೆ, ಅವನು ಮುನ್ನುಗ್ಗಿದಾಗ ಭುಜ ಒರಗಿಸಿ ತಬ್ಬಿದೆ, ರೆಫರಿ ಬಿಡಿಸುವಷ್ಟರಲ್ಲಿ ಉಸಿರು ತಂದುಕೊಂಡೆ. ಎರಡನೆಯದರಲ್ಲಿ ಅವನ ಎಡ ಹುಕ್, ಅಂದರೆ ಪಕ್ಕದಿಂದ ಬಾಗಿ ಬರುವ ಗುದ್ದು, ನನ್ನ ಬಲ ಪಕ್ಕೆಯ ಕೆಳಗೆ ಬಿತ್ತು. ಲಿವರ್ ಇರುವ ಜಾಗ. ದವಡೆಗೆ ಬಿದ್ದರೆ ದೀಪ ಆರಿದಂತೆ, ಏನೂ ತಿಳಿಯುವುದಿಲ್ಲ. ಇದು ಹಾಗಲ್ಲ. ಒಂದು ಕ್ಷಣ ಏನೂ ಆಗುವುದಿಲ್ಲ, ಪರವಾಗಿಲ್ಲ ಅಂದುಕೊಳ್ಳುತ್ತೀರಿ, ಅಷ್ಟರಲ್ಲಿ ಕಾಲು ನಿಮ್ಮನ್ನು ಕೇಳದೆ ಮಡಚಿಕೊಳ್ಳುತ್ತದೆ. ತಲೆ ಸ್ವಚ್ಛವಾಗಿರುತ್ತದೆ, ಏಳು ಎಂದು ಹೇಳುತ್ತದೆ, ಮೈ ಮಾತ್ರ ಬೇರೆಯವರದ್ದು. ಎಂಟಕ್ಕೆ ಎದ್ದೆ. ತೀರ್ಪುಗಾರರ ಲೆಕ್ಕದಲ್ಲಿ ಆ ರೌಂಡ್ ಅವನಿಗೆ 10, ನನಗೆ 8. ಉಳಿದೆರಡು ರೌಂಡ್ ಅನುಭವದ ಮೇಲೆ ಕಳೆದೆ. ಸೋತೆ. ಹುಡುಗ ಬಂದು ಕಾಲು ಮುಟ್ಟಿದ. ಅಂಥ ಎಡ ಹುಕ್ ಹೊಡೆದವನು ಕಾಲು ಮುಟ್ಟಿದರೆ ಏನು ಆಶೀರ್ವಾದ ಮಾಡುವುದು? ನಕ್ಕುಬಿಟ್ಟೆ, ಪಕ್ಕೆ ನೋಯಿತು.

ಜನ ನಾಕೌಟ್ ನೋಡಲು ಬರುತ್ತಾರೆ. ನನಗೆ ಈ ಆಟದ ರುಚಿ ಇರುವುದು ರೌಂಡುಗಳ ನಡುವಿನ ಆ ಒಂದು ನಿಮಿಷದಲ್ಲಿ. ಸ್ಟೂಲಿನ ಮೇಲೆ ಕುಳಿತವನ ಮುಂದೆ ಒಬ್ಬ ಮೊಣಕಾಲೂರಿ ಹುಬ್ಬಿಗೆ ವ್ಯಾಸಲೀನ್ ಹಚ್ಚುತ್ತಾ ಕಣ್ಣಿಗೆ ಕಣ್ಣಿಟ್ಟು ಮಾತನಾಡುತ್ತಾನೆ. ಅಲ್ಲಿ ಸುಳ್ಳಿಗೆ ಪುರುಸೊತ್ತಿಲ್ಲ. 1975ರ ಅಕ್ಟೋಬರ್ 1ರಂದು ಮನಿಲಾದಲ್ಲಿ ಹೆವಿವೇಟ್ ವಿಶ್ವಪಟ್ಟಕ್ಕಾಗಿ ಮುಹಮ್ಮದ್ ಅಲಿ ಮತ್ತು ಜೋ ಫ್ರೇಜಿಯರ್ ಹದಿನಾಲ್ಕು ರೌಂಡ್ ಹೊಡೆದಾಡಿದ್ದರು. ಫ್ರೇಜಿಯರ್‌ನ ಎಡಗಣ್ಣು ಮೊದಲೇ ಮಂಜು, ಬಲಗಣ್ಣು ಅಲಿಯ ಹೊಡೆತಕ್ಕೆ ಮುಚ್ಚಿಹೋಗಿತ್ತು. ಅವನು ಏಳುತ್ತೇನೆ ಎಂದ, ಅವನ ತರಬೇತುದಾರ ಎಡ್ಡಿ ಫಚ್ ಬೇಡ ಎಂದು ನಿಲ್ಲಿಸಿದರು. ಇನ್ನು ಒಂದೇ ರೌಂಡ್ ಉಳಿದಿತ್ತು. ಆ ಪಂದ್ಯದಲ್ಲಿ ನಾನು ಮತ್ತೆ ಮತ್ತೆ ನೋಡುವುದು ಆ ಸ್ಟೂಲನ್ನು.

ನನ್ನ ನಾಲ್ಕನೆಯ ಪಂದ್ಯದಲ್ಲಿ ನನಗೂ ಹಾಗಾಯಿತು. ಹುಬ್ಬು ಸೀಳಿ ರಕ್ತ ಕಣ್ಣಿಗಿಳಿಯುತ್ತಿತ್ತು, ಅದಕ್ಕೆ ಅಡ್ರಿನಾಲಿನ್ ಅದ್ದಿದ ಹತ್ತಿ ಒತ್ತಿದರು, ನಿಂತಿತು. ಆದರೆ ನನ್ನ ಮೂಲೆಯಲ್ಲಿದ್ದ ಹಳೆಯ ಗೆಳೆಯ "ಇದು ಎಷ್ಟನೆಯ ರೌಂಡ್?" ಎಂದು ಕೇಳಿದ. ಎರಡನೆಯದು ಎಂದೆ. ಮೂರು ಮುಗಿದಿತ್ತು. ಅವನು ರೆಫರಿಯನ್ನು ಕರೆದು ನಿಲ್ಲಿಸಿದ. ಆ ರಾತ್ರಿ ಬಸ್ಸಿನಲ್ಲಿ ಮೈಸೂರು ದಾಟುವವರೆಗೂ ನಾನು ಅವನೊಂದಿಗೆ ಮಾತನಾಡಲಿಲ್ಲ. 1982ರಲ್ಲಿ ಕೊರಿಯಾದ ಕಿಮ್ ಡುಕ್ ಕೂ ಹದಿನಾಲ್ಕನೆಯ ರೌಂಡಿನಲ್ಲಿ ಬಿದ್ದು ಕೆಲವೇ ದಿನಗಳಲ್ಲಿ ತೀರಿಕೊಂಡ. ಅದಾದ ಮೇಲೆ ವಿಶ್ವಪಟ್ಟದ ಪಂದ್ಯಗಳು ಹದಿನೈದರಿಂದ ಹನ್ನೆರಡು ರೌಂಡಿಗೆ ಇಳಿದವು. ಇದು ಗೊತ್ತಿದ್ದೂ ಗೆಳೆಯನ ಮೇಲೆ ಮುನಿಸಿಕೊಂಡಿದ್ದೆ. ಏಟು ತಿಂದ ತಲೆಗೆ ತಾನು ಏಟು ತಿಂದಿದೆ ಎಂಬುದೇ ತಿಳಿಯುವುದಿಲ್ಲ.

ಗೆದ್ದ ಒಂದು ಪಂದ್ಯದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಐದನೆಯದು. ಹುಡುಗ ಹೆದರಿಕೊಂಡಿದ್ದ, ಅಂಕದಲ್ಲಿ ಗೆದ್ದೆ, ಸಭಾಂಗಣದಲ್ಲಿ ಯಾರೂ ಚಪ್ಪಾಳೆ ತಟ್ಟಲಿಲ್ಲ. ಹಣ ಮೂರು ತಿಂಗಳು ತಡವಾಗಿ ಬಂತು. ಆ ಸಂಘಟಕರು ಮತ್ತೆ ನನ್ನನ್ನು ಕರೆಯಲಿಲ್ಲ. ನೀಲಿ ಮೂಲೆಯಲ್ಲಿ ಗೆದ್ದರೆ ಕೆಲಸ ಹೋಗುತ್ತದೆ! ಬೇರೆಯವರು ಕರೆದ ಆರನೆಯದು ಸಮವಾಯಿತು. ಆಮೇಲೆ ಕೊರೋನಾ ಬಂತು, ಮನೆಯಲ್ಲಿ ಹೆಂಡತಿ "ಒಂದೇ ಮಾತನ್ನು ಎರಡು ಸಲ ಹೇಳುತ್ತಿದ್ದೀರಿ" ಎಂದಳು, ಗ್ಲೌಸ್ ಅಟ್ಟಕ್ಕೆ ಹೋಯಿತು.

ಈಗ ಸಾಹುಕಾರರ ಕಾಫಿ ಕಣದಲ್ಲಿ ಸುಣ್ಣದಲ್ಲಿ ಚೌಕ ಎಳೆದು ಹನ್ನೊಂದು ಮಕ್ಕಳಿಗೆ ಕಲಿಸುತ್ತೇನೆ. ಅದಕ್ಕೆ ಜಾಗ ಕೊಟ್ಟದ್ದು ಸ್ಟಿಕ್ ಎಲ್ಲಿ ಎಂದು ಕೇಳಿದ ಅದೇ ಸಾಹುಕಾರರು. ಹದಿನಾಲ್ಕು ತುಂಬುವವರೆಗೆ ತಲೆಗೆ ಹೊಡೆಯುವಂತಿಲ್ಲ ಎಂಬುದು ನನ್ನ ಕಣದ ನಿಯಮ. ತೋಟದ ಕೂಲಿಯವರ ಲೈನ್ ಮನೆಯ ಹುಡುಗನೊಬ್ಬ ಇದ್ದಾನೆ, ಅಪ್ಪ ಅಮ್ಮ ಅಸ್ಸಾಮಿನಿಂದ ಬಂದವರು, ಹದಿನೇಳು ವರ್ಷ. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದ ಬಾಕ್ಸರ್ ಲವ್ಲಿನಾ ತನ್ನ ಊರಿನ ಕಡೆಯವರೆಂದು ಎದೆಯುಬ್ಬಿಸುತ್ತಾನೆ. ಕಳೆದ ತಿಂಗಳು ಕೇಳಿದ: "ಸರ್, ನಾನು ವೃತ್ತಿಪರ ಆಗಬಹುದಾ?"

ಯಾವ ಮೂಲೆಯಲ್ಲಿ ಎಂದು ಕೇಳಿದೆ. ಅವನಿಗೆ ಅರ್ಥವಾಗಲಿಲ್ಲ. ಸ್ಟೂಲ್ ತಂದು ಕೂರಿಸಿ ಬಕ್ಲಿಯ ಲೆಕ್ಕ, ಹದಿನೈದು ಸಾವಿರದ ಲೆಕ್ಕ, ಮೂರು ಮುಗಿದಿದ್ದಾಗ ಎರಡು ಎಂದ ನನ್ನ ಲೆಕ್ಕ ಎಲ್ಲ ಹೇಳಿದೆ. ಕೇಳಿಸಿಕೊಂಡು ಹೋದವನು ಮಾರನೆಯ ದಿನ ಎಂದಿಗಿಂತ ಅರ್ಧ ಗಂಟೆ ಮೊದಲೇ ಬಂದು ಗೋಣಿಚೀಲ ಗುದ್ದುತ್ತಿದ್ದ. ಎಡ ಹುಕ್ಕಿನಲ್ಲಿ ಹಿಮ್ಮಡಿ ತಿರುಗುತ್ತಿರಲಿಲ್ಲ. ತಟ್ಟಿ ಸರಿಪಡಿಸಿದೆ.

ಜನವರಿ ಬಂತು, ರೊಬಸ್ಟಾ ಕೊಯ್ಲು ಶುರುವಾಗಿದೆ. ಕಣದ ತುಂಬ ಹಣ್ಣು ಹರಡಿದ್ದಾರೆ, ಸುಣ್ಣದ ಗೆರೆ ಅದರ ಕೆಳಗೆಲ್ಲೋ ಇದೆ. ಹುಡುಗ ಹಗಲು ಅಪ್ಪನ ಜೊತೆ ಕೊಯ್ಲಿಗೆ ಹೋಗುತ್ತಾನೆ, ಸಂಜೆ ಗೋದಾಮಿನ ಮಾಡಿನ ಕೆಳಗೆ ಚೀಲ ಗುದ್ದುತ್ತಾನೆ. ಕಣ ಖಾಲಿಯಾಗಲು ಇನ್ನು ಎರಡು ತಿಂಗಳಾದರೂ ಬೇಕು.