ತಂಬೂರಿ ಎಲ್ಲಿ ಹೋಯ್ತು?

ಪುಣೆಯ ಕೋಥ್ರೂಡಿನಲ್ಲಿ ನಮ್ಮ ಮನೆ. ಆಫೀಸು ಕೆಲಸ ಮನೆಯಿಂದಲೇ. ಬೆಳಿಗ್ಗೆ ಚಹಾ ಜೊತೆ ಭೀಮಸೇನ ಜೋಶಿಯವರ ದಾಸವಾಣಿ ಬೇಕೇ ಬೇಕು; ಗದಗದ ನೆಲದಿಂದ ಇದೇ ಊರಿಗೆ ಬಂದು ನೆಲೆಸಿದವರಲ್ಲವೇ ಅವರು!

ಕಳೆದ ವಾರ ಲ್ಯಾಪ್‌ಟಾಪಿಗೆ ಜೋಡಿಸಿದ ಬ್ಲೂಟೂತ್ ಹೆಡ್‌ಫೋನಿನಲ್ಲಿ ಹಾಡು ಇದ್ದಕ್ಕಿದ್ದಂತೆ ಮಂಕಾಯಿತು. ದನಿ ಇದೆ, ತಂಬೂರಿಯ ಜವಾರಿ, ಅಂದರೆ ತಂತಿಯ ಆ ಝೇಂಕಾರ, ಇಲ್ಲ. ಅವ್ವನ ಕಿವಿಗೂ ಹಾಕಿದೆ. “ಬಾವ್ಯಾಗ ಕೂತು ಹಾಡಿಧಂಗ ಕೇಳ್ತದಲ್ಲೋ,” ಅಂದಳು.

ಹಾಡಿನ ಆ್ಯಪಿನಲ್ಲಿ ಗುಣಮಟ್ಟ 320 ಕೆಬಿಪಿಎಸ್‌ಗೆ ಏರಿಸಿದೆ. ನಿಮಿಷಕ್ಕೆ 2.4 ಎಂಬಿ ಡೇಟಾ ಹೋಯಿತೇ ಹೊರತು ಜವಾರಿ ಬರಲಿಲ್ಲ. ಆ್ಯಪ್ ತೆಗೆದು ಮತ್ತೆ ಹಾಕಿದ್ದೂ ದಂಡ. ಅದೇ ಹೆಡ್‌ಫೋನ್ ಮೊಬೈಲಿಗೆ ಜೋಡಿಸಿದರೆ ಸೊಗಸಾಗಿದೆ! ಆಗ ತಲೆಗೆ ಹೊಳೆಯಿತು, ತಂಟೆ ಲ್ಯಾಪ್‌ಟಾಪಿನದು.

ಬರೀ ಹಾಡು ಕೇಳುವಾಗ ಬ್ಲೂಟೂತ್ ಎ2ಡಿಪಿ ಎಂಬ ದಾರಿಯಲ್ಲಿ ಸ್ಟೀರಿಯೋ ಕಳಿಸುತ್ತದೆ. ಯಾವುದಾದರೂ ಆ್ಯಪ್ ಹೆಡ್‌ಫೋನಿನ ಮೈಕ್ ಕೇಳಿತೋ, ಫೋನ್ ಕರೆಯ ದಾರಿಗೆ, ಅಂದರೆ ಎಚ್‌ಎಫ್‌ಪಿಗೆ ಹೊರಳಿಕೊಳ್ಳುತ್ತದೆ. ಅಲ್ಲಿ ಸಾಮಾನ್ಯವಾಗಿ ಮೋನೋ, 8 ಅಥವಾ 16 ಕಿಲೋಹರ್ಟ್ಸ್ ಸ್ಯಾಂಪಲಿಂಗ್, ಅಂದರೆ ದನಿಯನ್ನು ಸೆಕೆಂಡಿಗೆ 8 ಅಥವಾ 16 ಸಾವಿರ ಸಲ ಅಳೆಯುವುದು. ಅದರರ್ಧಕ್ಕಿಂತ ಹೆಚ್ಚು ಕಂಪನಾಂಕದ ಸ್ವರಾಂಶವೆಲ್ಲ ಕತ್ತರಿ. ಮಾತಿಗೆ ಸಾಕು, ತಂಬೂರಿಗೆ ಸಾಲದು.

ನನ್ನ ಮೀಟಿಂಗ್ ಆ್ಯಪ್ ಮುಚ್ಚಿದ ಮೇಲೂ ಹಿಂದೆ ಕೂತು ಮೈಕ್ ಹಿಡಿದುಕೊಂಡಿತ್ತು. ಅದನ್ನು ಪೂರ್ತಿ ಬಂದ್ ಮಾಡಿದೆ. ಸೌಂಡ್ ಸೆಟ್ಟಿಂಗ್‌ನಲ್ಲಿ ಇನ್‌ಪುಟ್‌ಗೆ ಲ್ಯಾಪ್‌ಟಾಪಿನದೇ ಮೈಕ್, ಔಟ್‌ಪುಟ್‌ಗೆ ಹೆಡ್‌ಫೋನ್ ಆರಿಸಿದೆ. ಮೀಟಿಂಗ್ ಆ್ಯಪಿನೊಳಗೂ ಹಾಗೇ.

ಈಗ ಮೀಟಿಂಗಿನಲ್ಲಿ ನಮ್ಮ ಕುಕ್ಕರಿನ ಸೀಟಿ ಎಲ್ಲರಿಗೂ ಕೇಳುತ್ತದಂತೆ. ಕೇಳಲಿ ಬಿಡಿ.